ಮನೆಯಲ್ಲೇ ವ್ಯಾಪಾರ: ಯಾವ ಕಾಗದ ಬೇಕು, ಯಾವುದು ಬೇಡ





ನಮ್ಮ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ‘ತಾಯಿಯ ಉದ್ಯೋಗ’ ಎಂಬ ಕಲಂ ಇದೆ. ಹೆಚ್ಚಿನವರು ಅಲ್ಲಿ ‘ಮನೆಗೆಲಸ’ ಎಂದು ಬರೆದು, ಆದಾಯದ ಜಾಗದಲ್ಲಿ ಸೊನ್ನೆ ಹಾಕುತ್ತಾರೆ. ಆದರೆ ಕಾನಹೊಸಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಯಾವ ಓಣಿಗೆ ಹೋದರೂ ಹೊಲಿಗೆ ಯಂತ್ರದ ಸದ್ದು ಕೇಳುತ್ತದೆ. ಒಬ್ಬರು ಸೀರೆಗೆ ಫಾಲ್, ಪಿಕೋ ಮಾಡುತ್ತಾರೆ, ಒಬ್ಬರು ಜೋಳದ ರೊಟ್ಟಿ ತಟ್ಟಿ ಹೋಟೆಲಿಗೆ ಕೊಡುತ್ತಾರೆ, ಇನ್ನೊಬ್ಬರು ಉಪ್ಪಿನಕಾಯಿ, ಮಸಾಲೆ ಪುಡಿ ಮಾರುತ್ತಾರೆ. ಮಗಳ ಪಿಯುಸಿ ಫೀಸು ಎಷ್ಟೋ ಮನೆಗಳಲ್ಲಿ ಈ ದುಡಿಮೆಯಿಂದಲೇ ಕಟ್ಟಿದ್ದಾಗಿರುತ್ತದೆ. ಆದರೂ ಅದನ್ನು ಬರೆಯಲು ಹೆದರಿಕೆ. ಬರೆದರೆ ರೇಷನ್ ಕಾರ್ಡ್ ಹೋಗುತ್ತದೆ, ಗೃಹಲಕ್ಷ್ಮಿ ಹಣ ನಿಲ್ಲುತ್ತದೆ, ತೆರಿಗೆಯವರು ಬರುತ್ತಾರೆ, ವಿದ್ಯಾರ್ಥಿವೇತನ ತಪ್ಪುತ್ತದೆ ಎಂಬ ಮಾತು ಬಾಯಿಂದ ಬಾಯಿಗೆ ಹರಡಿದೆ.

ಈ ಹೆದರಿಕೆಯಲ್ಲಿ ಸ್ವಲ್ಪ ನಿಜವಿದೆ, ಬಹಳಷ್ಟು ಗೊಂದಲವಿದೆ. ಒಂದೊಂದು ಕಾಗದಕ್ಕೂ ಒಂದೊಂದು ಕಾನೂನು, ಒಂದೊಂದು ಮಿತಿ ಇದೆ. ಒಂದು ಕಾಗದ ಮಾಡಿಸಿದರೆ ಉಳಿದವೆಲ್ಲ ತಾವಾಗಿಯೇ ಬೆನ್ನು ಹತ್ತುವುದಿಲ್ಲ. ಈ ವರ್ಷದ ವರದಿಯಲ್ಲಿ ಅದನ್ನೇ ಬಿಡಿಸಿ ಹೇಳುತ್ತಿದ್ದೇವೆ. ಇಲ್ಲಿರುವ ಮಿತಿ, ಶುಲ್ಕಗಳೆಲ್ಲ 2025ರ ಆಗಸ್ಟ್ ಕೊನೆಯಲ್ಲಿ ಇದ್ದಂತೆ. ಅರ್ಜಿ ಹಾಕುವ ಮೊದಲು ಆಯಾ ಕಚೇರಿಯಲ್ಲಿ ಮತ್ತೊಮ್ಮೆ ಕೇಳಿಕೊಳ್ಳಬೇಕು.

1. ಈ ವರ್ಷ ಭಯ ಹೆಚ್ಚಾದದ್ದು ಏಕೆ?

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆಗಳ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. 2021-22ರಿಂದ 2024-25ರವರೆಗೆ ಯುಪಿಐ ಮೂಲಕ ಅವರ ಖಾತೆಗೆ ಬಂದ ಹಣ ನೋಂದಣಿಯ ಮಿತಿಗಿಂತ ಹೆಚ್ಚಾಗಿದೆ ಎಂಬುದು ಕಾರಣ. ಬೇಕರಿ, ಟೀ ಅಂಗಡಿ, ತರಕಾರಿ ವ್ಯಾಪಾರದವರಿಗೂ ನೋಟಿಸ್ ಬಂತು. ಬೆಂಗಳೂರಿನ ಎಷ್ಟೋ ಅಂಗಡಿಗಳು ಕ್ಯೂಆರ್ ಚೀಟಿ ಕಿತ್ತು ‘ನಗದು ಮಾತ್ರ’ ಎಂದು ಬೋರ್ಡು ಹಾಕಿದವು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿ ಸಂಘಗಳ ಸಭೆ ನಡೆಸಿ, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ಮಿತಿ ದಾಟಿದವರು ನೋಂದಣಿ ಮಾಡಿಸಲೇಬೇಕು ಎಂದರು.

ಇದರಿಂದ ನಾವು ಕಲಿಯಬೇಕಾದದ್ದು ಕ್ಯೂಆರ್ ಕಿತ್ತುಹಾಕುವುದನ್ನಲ್ಲ. ಖಾತೆಗೆ ಬಂದ ಹಣವೆಲ್ಲ ವ್ಯಾಪಾರದ್ದಾಗಿರುವುದಿಲ್ಲ. ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುವ ಮಗ ಕಳಿಸಿದ ದುಡ್ಡು, ಚೀಟಿ ಎತ್ತಿದ ದುಡ್ಡು, ಅಣ್ಣನಿಂದ ತಂದ ಕೈಗಡ, ಪಕ್ಕದ ಮನೆಯವರಿಗೆ ಬರಬೇಕಾಗಿ ನಮ್ಮ ನಂಬರಿಗೆ ಹಾಕಿಸಿದ ದುಡ್ಡು, ಎಲ್ಲವೂ ಒಂದೇ ಖಾತೆಯಲ್ಲಿ ಸೇರಿರುತ್ತದೆ. ಯಾರಾದರೂ ಕೇಳಿದ ದಿನ ಇದು ಇಂಥದ್ದು ಎಂದು ತೋರಿಸಲು ನಮ್ಮ ಹತ್ತಿರ ಬರಹ ಇರಬೇಕು.

ಆದ್ದರಿಂದ ಮೊದಲ ಕೆಲಸ ಎರಡು. ವ್ಯಾಪಾರಕ್ಕೆಂದೇ ದುಡಿಯುವವರ ಹೆಸರಿನಲ್ಲಿ ಒಂದು ಬೇರೆ ಬ್ಯಾಂಕ್ ಖಾತೆ, ಅದಕ್ಕೆ ಬೇರೆ ಕ್ಯೂಆರ್ ಇರಲಿ. ಒಂದು ನೋಟ್‌ಬುಕ್‌ನಲ್ಲಿ ದಿನಾಂಕ, ಬಂದದ್ದು, ಹೋದದ್ದು, ಉದ್ದರಿ ಬರೆದಿಡಿ. ಸಾಲದ ವ್ಯವಹಾರವನ್ನು ಬರೆದಿಡಬೇಕು ಎಂದು ಹೇಳುವ ಸೂರಃ ಅಲ್ ಬಕರದ 282ನೆಯ ಆಯತ್ತು ಕುರ್‌ಆನಿನಲ್ಲೇ ಅತಿ ದೀರ್ಘವಾದ ಆಯತ್ತು ಎಂಬುದನ್ನು ನಮ್ಮ ಮನೆಗಳಲ್ಲಿ ನೆನಪಿಸಬೇಕಾಗಿಲ್ಲ.

2. ವಹಿವಾಟು ಬೇರೆ, ಆದಾಯ ಬೇರೆ

ಕಾಗದ ತುಂಬುವಾಗ ಎಲ್ಲಕ್ಕಿಂತ ಹೆಚ್ಚು ಗೊಂದಲವಾಗುವುದು ಇಲ್ಲೇ. ಮಾರಿದ್ದರಿಂದ, ಕೂಲಿಯಿಂದ ಬಂದ ಒಟ್ಟು ಹಣ ವಹಿವಾಟು. ಅದರಲ್ಲಿ ಸಾಮಾನು, ಖರ್ಚು ಕಳೆದು ಉಳಿದದ್ದು ಆದಾಯ. ಜಿಎಸ್‌ಟಿ ಮತ್ತು ಆಹಾರ ಪರವಾನಗಿಯ ಮಿತಿಗಳು ವಹಿವಾಟಿನ ಮೇಲೆ ನಿಂತಿವೆ. ರೇಷನ್ ಕಾರ್ಡ್, ವಿದ್ಯಾರ್ಥಿವೇತನದ ಮಿತಿಗಳು ಆದಾಯದ ಮೇಲೆ ನಿಂತಿವೆ.

ಉದಾಹರಣೆಗೆ ಎರಡು ಲೆಕ್ಕ ನೋಡೋಣ.

ಹೊಲಿಗೆ: ತಿಂಗಳಿಗೆ 50 ಜಂಪರ್, ತಲಾ 200 ರೂಪಾಯಿ, ಒಟ್ಟು 10,000. ದಾರ, ಲೈನಿಂಗ್, ಹುಕ್ಕು 2,500. ಕರೆಂಟು, ರಿಪೇರಿ 500. ಉಳಿದದ್ದು 7,000. ವರ್ಷದ ವಹಿವಾಟು 1,20,000, ಆದಾಯ 84,000.

ರೊಟ್ಟಿ: ದಿನಕ್ಕೆ 150 ರೊಟ್ಟಿ, ತಲಾ 8 ರೂಪಾಯಿ, ತಿಂಗಳಲ್ಲಿ 25 ದಿನ, ಒಟ್ಟು 30,000. ಜೋಳ, ಗಿರಣಿ, ಗ್ಯಾಸು, ಕವರು 18,000. ಉಳಿದದ್ದು 12,000. ವರ್ಷದ ವಹಿವಾಟು 3,60,000, ಆದಾಯ 1,44,000.

ಮುಂದಿನ ಪ್ರತಿ ವಿಷಯಕ್ಕೂ ಈ ಎರಡು ಲೆಕ್ಕಗಳನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ.

3. ಜಿಎಸ್‌ಟಿ ಯಾರಿಗೆ ಬೇಕು?

ರಾಜ್ಯದೊಳಗೆ ಸರಕು ಮಾತ್ರ ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ನೋಂದಣಿ ಬೇಕು. ಸೇವೆ ಮಾಡುವವರಿಗೆ ಮಿತಿ 20 ಲಕ್ಷ. ಗಿರಾಕಿ ತಂದ ಬಟ್ಟೆ ಹೊಲಿದುಕೊಡುವುದು ಸೇವೆ. ನಾವೇ ಬಟ್ಟೆ ಕೊಂಡು ಫ್ರಾಕು ಹೊಲಿದು ಮಾರುವುದು ಸರಕು. ಎರಡನ್ನೂ ಮಾಡುವವರು 20 ಲಕ್ಷವನ್ನೇ ಮಿತಿ ಎಂದು ಹಿಡಿಯಬೇಕು. ಮೇಲಿನ ಎರಡು ಲೆಕ್ಕಗಳೂ ಈ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ.

ಆದರೆ ಒಂದು ಎಚ್ಚರಿಕೆ. ಹೊರರಾಜ್ಯಕ್ಕೆ ಸರಕು ಮಾರಿದರೆ ಈ ಮಿತಿಯ ರಕ್ಷಣೆ ಸಾಮಾನ್ಯವಾಗಿ ಇರುವುದಿಲ್ಲ. ಆಂಧ್ರದ ರಾಯದುರ್ಗದ ಅಂಗಡಿಗೆ ಚಟ್ನಿಪುಡಿ ಕಳಿಸುವವರು ಮೊದಲು ತೆರಿಗೆ ಸಲಹೆಗಾರರನ್ನು ಕೇಳಬೇಕು. ಆನ್‌ಲೈನ್ ಮಾರಾಟ ತಾಣಗಳ ಮೂಲಕ ರಾಜ್ಯದೊಳಗೇ ಮಾರುವ ಸಣ್ಣವರಿಗೆ 2023ರ ಅಕ್ಟೋಬರ್ 1ರಿಂದ ಸಡಿಲಿಕೆ ಸಿಕ್ಕಿದೆ. ಜಿಎಸ್‌ಟಿ ತಾಣದಲ್ಲಿ ಒಂದು ದಾಖಲಾತಿ ಸಂಖ್ಯೆ ಪಡೆದರೆ ಸಾಕು, ಪೂರ್ಣ ನೋಂದಣಿ ಬೇಕಿಲ್ಲ.

ಬೇಡದಿದ್ದರೂ ‘ಇರಲಿ’ ಎಂದು ಜಿಎಸ್‌ಟಿ ಮಾಡಿಸಬೇಡಿ. ನೋಂದಣಿಯಾದ ಮೇಲೆ ವ್ಯಾಪಾರ ಆಗದಿದ್ದರೂ ರಿಟರ್ನ್ಸ್ ಹಾಕುತ್ತಿರಬೇಕು. ತಡವಾದರೆ ಸೊನ್ನೆ ರಿಟರ್ನ್ಸ್‌ಗೂ ದಿನಕ್ಕೆ 20 ರೂಪಾಯಿ ಶುಲ್ಕ ಬೀಳುತ್ತದೆ. ಸಾಲ ಕೊಡಿಸುತ್ತೇವೆ ಎಂದು ನಿಮ್ಮ ಆಧಾರ್, ಪ್ಯಾನ್ ತೆಗೆದುಕೊಂಡು ನಿಮ್ಮ ಹೆಸರಿನಲ್ಲಿ ಜಿಎಸ್‌ಟಿ ತೆರೆಯಲು, ಇಲ್ಲದ ಆದಾಯ ತೋರಿಸಿ ಆದಾಯ ತೆರಿಗೆ ರಿಟರ್ನ್ಸ್ ಹಾಕಲು ಯಾರಿಗೂ ಒಪ್ಪಿಗೆ ಕೊಡಬೇಡಿ.

4. ಉದ್ಯಮ್ ನೋಂದಣಿ

ಇದು ಸಣ್ಣ ದುಡಿಮೆಗೆ ಸರ್ಕಾರ ಕೊಡುವ ಗುರುತಿನ ಚೀಟಿ. 2020ರ ಜುಲೈ 1ರಿಂದ ಜಾರಿಯಲ್ಲಿದೆ. ಆಧಾರ್, ಪ್ಯಾನ್ ಮತ್ತು ಆಧಾರ್‌ಗೆ ಜೋಡಿಸಿದ ಮೊಬೈಲ್ ಇದ್ದರೆ ಸರ್ಕಾರಿ ಜಾಲತಾಣದಲ್ಲೇ ಮಾಡಿಸಬಹುದು. ನೋಂದಣಿಗೆ ಶುಲ್ಕವಿಲ್ಲ, ಯಾವ ದಾಖಲೆಯನ್ನೂ ಅಪ್‌ಲೋಡ್ ಮಾಡಬೇಕಿಲ್ಲ. ಸರ್ಕಾರಿ ಫೀಸು ಎಂದು ಸಾವಿರ, ಎರಡು ಸಾವಿರ ಕೇಳುವವರಿಗೆ ಕೊಡಬೇಡಿ. ಜಿಎಸ್‌ಟಿ ವ್ಯಾಪ್ತಿಗೆ ಬಾರದ ಅತಿ ಸಣ್ಣವರಿಗಾಗಿ 2023ರ ಜನವರಿಯಿಂದ ‘ಉದ್ಯಮ್ ಅಸಿಸ್ಟ್’ ಎಂಬ ವ್ಯವಸ್ಥೆಯೂ ಇದೆ, ಅದು ಬ್ಯಾಂಕುಗಳ ಮೂಲಕ ಆಗುತ್ತದೆ.

ಉದ್ಯಮ್ ಮಾಡಿಸಿದರೆ ತೆರಿಗೆ ಕಟ್ಟಬೇಕೆಂದಲ್ಲ, ಜಿಎಸ್‌ಟಿ ಬಂತೆಂದೂ ಅಲ್ಲ. ಇದರಿಂದ ಒಂದು ದೊಡ್ಡ ಉಪಯೋಗವಿದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯಂತೆ, ನೋಂದಾಯಿತ ಸಣ್ಣವರು ಮಾಡಿಕೊಟ್ಟ ಸರಕಿಗೆ, ಕೆಲಸಕ್ಕೆ ಕೊಂಡವರು ಒಪ್ಪಂದವಿದ್ದರೂ 45 ದಿನ ಮೀರಿ ಹಣ ಹಿಡಿದಿಡುವಂತಿಲ್ಲ. ಮೀರಿದರೆ ಬಡ್ಡಿ ಸಹಿತ ಕೇಳುವ ಹಕ್ಕಿದೆ. ನೂರು ಶಾಲಾ ಸಮವಸ್ತ್ರ ಹೊಲಿದುಕೊಟ್ಟು ಆರು ತಿಂಗಳು ಅಲೆಯುವ ತಾಯಿಗೆ ಕೈಯಲ್ಲಿ ಹಿಡಿಯಲು ಇದೊಂದು ಕಾಗದ.

ನೋಂದಣಿ ಯಾರ ಹೆಸರಿನಲ್ಲಿರಬೇಕು? ದುಡಿಯುವವರ ಹೆಸರಿನಲ್ಲೇ. ಹೆಂಡತಿ ಹೊಲಿಯುವುದು, ಖಾತೆ-ಕಾಗದ ಗಂಡನ ಹೆಸರಿನಲ್ಲಿ ಎಂದಾದರೆ, ನಾಳೆ ಅವರಿಗೆ ಏನಾದರೂ ಆದ ದಿನ ಹತ್ತು ವರ್ಷದ ದುಡಿಮೆಗೆ ಆಕೆಯ ಹತ್ತಿರ ಒಂದು ಚೀಟಿಯೂ ಇರುವುದಿಲ್ಲ.

5. ತಿನ್ನುವ ಪದಾರ್ಥ ಮಾಡುವವರಿಗೆ

ರೊಟ್ಟಿ, ಹಪ್ಪಳ, ಶ್ಯಾವಿಗೆ, ಉಪ್ಪಿನಕಾಯಿ, ಕೇಕು, ಆರ್ಡರ್ ಮೇಲೆ ಬಿರಿಯಾನಿ, ಯಾವುದೇ ಆಗಲಿ, ಮಾರಾಟಕ್ಕೆ ಮಾಡಿದರೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಅನ್ವಯಿಸುತ್ತದೆ. ಮನೆಯ ಅಡುಗೆಮನೆಗೆ ವಿನಾಯಿತಿ ಇಲ್ಲ. ಆದರೆ ವರ್ಷದ ವಹಿವಾಟು 12 ಲಕ್ಷದೊಳಗಿದ್ದರೆ ದೊಡ್ಡ ಪರವಾನಗಿ ಬೇಡ, ಸರಳ ನೋಂದಣಿ ಸಾಕು. ಶುಲ್ಕ ವರ್ಷಕ್ಕೆ 100 ರೂಪಾಯಿ. ಒಂದರಿಂದ ಐದು ವರ್ಷದವರೆಗೆ ಒಮ್ಮೆಗೇ ಕಟ್ಟಬಹುದು. ಸಿಗುವ 14 ಅಂಕಿಯ ಸಂಖ್ಯೆಯನ್ನು ಪೊಟ್ಟಣದ ಮೇಲೆ ಹಾಕಬೇಕು.

ಪೊಟ್ಟಣ ಕಟ್ಟಿ ಅಂಗಡಿಗೆ ಕೊಡುವವರು ಅದರ ಮೇಲೆ ಪದಾರ್ಥದ ಹೆಸರು, ಏನೇನು ಹಾಕಿದೆ ಎಂಬ ಪಟ್ಟಿ, ತೂಕ, ತಯಾರಿಸಿದ ದಿನಾಂಕ, ಯಾವಾಗಿನವರೆಗೆ ಬಳಸಬಹುದು, ಗರಿಷ್ಠ ಮಾರಾಟ ಬೆಲೆ, ತಯಾರಿಸಿದವರ ಹೆಸರು-ವಿಳಾಸ, ದೂರಿಗೆ ಫೋನ್ ನಂಬರ್, ಸಸ್ಯಾಹಾರವಾದರೆ ಹಸಿರು ಗುರುತು ಮುದ್ರಿಸಬೇಕು. ಪಟ್ಟಿ ಇಷ್ಟಕ್ಕೇ ಮುಗಿಯುವುದಿಲ್ಲ, ಮುದ್ರಿಸುವ ಮೊದಲು ಆಹಾರ ಸುರಕ್ಷತಾ ಅಧಿಕಾರಿಗೆ ಮಾದರಿ ತೋರಿಸಿ. ಸಾವಿರ ಲೇಬಲ್ ಮುದ್ರಿಸಿ ಬಿಸಾಡುವುದಕ್ಕಿಂತ ಒಂದು ದಿನ ಕಾಯುವುದು ಲೇಸು.

ಮನೆಯಲ್ಲಿ ಶುರುವಾದದ್ದು ಎಲ್ಲಿಯವರೆಗೆ ಬೆಳೆಯಬಹುದು ಎಂಬುದಕ್ಕೆ ಲಿಜ್ಜತ್ ಹಪ್ಪಳವೇ ಸಾಕ್ಷಿ. 1959ರಲ್ಲಿ ಮುಂಬೈನ ಏಳು ಹೆಂಗಸರು 80 ರೂಪಾಯಿ ಸಾಲ ತಂದು ತಾರಸಿಯ ಮೇಲೆ ಹಪ್ಪಳ ಒಣಗಿಸಿ ಆರಂಭಿಸಿದರು. ನಮ್ಮ ಕಡೆಯೇ ನೋಡಿದರೆ, ಕಲಬುರಗಿ ಜಿಲ್ಲಾಡಳಿತ ಜೋಳದ ರೊಟ್ಟಿ ಮಾಡುವ ಮಹಿಳೆಯರ ಗುಂಪುಗಳನ್ನು ಒಗ್ಗೂಡಿಸಿ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಮಾರುಕಟ್ಟೆ ಮಾಡಿಕೊಟ್ಟಿದೆ. ಎರಡರಲ್ಲೂ ಕೆಲಸ ಮನೆಯದು, ಲೆಕ್ಕ ಮತ್ತು ಹೆಸರು ಗುಂಪಿನದು. ಯಂತ್ರ ಹಾಕಿ ದೊಡ್ಡದು ಮಾಡಬೇಕೆನ್ನುವವರಿಗೆ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯಲ್ಲಿ (ಪಿಎಂಎಫ್‌ಎಂಇ) ಕೇಂದ್ರದಿಂದ ಶೇ. 35, ರಾಜ್ಯದಿಂದ ಶೇ. 15 ಸಹಾಯಧನ ಇದೆ. ಅರ್ಜಿಗೆ ಕೃಷಿ ಇಲಾಖೆಯಲ್ಲಿ ವಿಚಾರಿಸಿ.

6. ಬೇರೆಯವರ ಬಟ್ಟೆ ತಂದು ಹೊಲಿಯುವವರಿಗೆ

ಬಳ್ಳಾರಿಯ ಜೀನ್ಸ್ ಉದ್ಯಮದಲ್ಲಿ ಕತ್ತರಿಸಿದ ಬಟ್ಟೆ ಮನೆಗೆ ಬಂದು, ಹೊಲಿದ ಪ್ಯಾಂಟು ವಾಪಸು ಹೋಗುವ ಪದ್ಧತಿ ನಮಗೆಲ್ಲ ಗೊತ್ತಿರುವುದೇ. ಇಲ್ಲಿ ದುಡಿಯುವವರು ವ್ಯಾಪಾರಿಯಲ್ಲ, ಪೀಸ್ ಲೆಕ್ಕದ ಕೆಲಸಗಾರರು. 2025ರವರೆಗೆ ಜಾರಿಯಲ್ಲಿದ್ದ 1948ರ ಕನಿಷ್ಠ ವೇತನ ಕಾಯ್ದೆಯು ಹೀಗೆ ಸಾಮಾನು ತಂದು ಮನೆಯಲ್ಲಿ ಕೆಲಸ ಮಾಡಿಕೊಡುವವರನ್ನೂ ‘ನೌಕರ’ ಎಂಬ ಪದದ ಅರ್ಥದೊಳಗೇ ಸೇರಿಸಿತ್ತು. ಆದರೆ ಎಷ್ಟು ಪೀಸ್ ತಂದೆವು, ಎಷ್ಟು ಕೊಟ್ಟೆವು, ರೇಟು ಎಷ್ಟು ಎಂಬುದಕ್ಕೆ ಬರಹವಿಲ್ಲದಿದ್ದರೆ ಯಾವ ಕಾಯ್ದೆಯೂ ಕೈಹಿಡಿಯಲಾರದು. ಪ್ರತಿ ಸಲ ಪುಸ್ತಕದಲ್ಲಿ ಬರೆದು, ತಂದುಕೊಟ್ಟವರ ಸಹಿ ಹಾಕಿಸಿ, ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ.

ದರ್ಜಿಗಳಿಗೆ 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯೂ ಇದೆ. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000 ರೂಪಾಯಿ ಸಹಾಯ ಸಿಗುತ್ತದೆ. ಒಂದು ಕುಟುಂಬಕ್ಕೆ ಒಬ್ಬರು. ಅದರಲ್ಲಿ ಬಡ್ಡಿಯ ಸಾಲವೂ ಇದೆ, ಆದರೆ ಅದು ಕಡ್ಡಾಯವಲ್ಲ. ಬಡ್ಡಿ ಬೇಡವೆನ್ನುವವರು ತರಬೇತಿ ಮತ್ತು ಉಪಕರಣದ ಸಹಾಯವನ್ನಷ್ಟೇ ಪಡೆಯಬಹುದು.

7. ಮನೆ, ಕರೆಂಟು, ಗ್ಯಾಸು

ಬಾಡಿಗೆ ಮನೆಯಾದರೆ ವ್ಯಾಪಾರಕ್ಕೆ ಮಾಲೀಕರ ಒಪ್ಪಿಗೆಯನ್ನು ಕರಾರು ಪತ್ರದಲ್ಲೇ ಒಂದು ಸಾಲು ಬರೆಸಿ. ಹಿಟ್ಟಿನ ಗಿರಣಿ, ಖಾರ ಕುಟ್ಟುವ ಯಂತ್ರದಂತಹ ಮೋಟಾರು ಯಂತ್ರ ಕೂರಿಸುವುದಾದರೆ ಗ್ರಾಮ ಪಂಚಾಯಿತಿ ಅಥವಾ ಪಟ್ಟಣದ ಪುರಸಭೆಯಲ್ಲಿ ಮೊದಲೇ ಅನುಮತಿ ಕೇಳಿ. ಸದ್ದು, ಘಾಟು, ಹೊಗೆಯ ಬಗ್ಗೆ ನೆರೆಯವರಿಗೆ ಮೊದಲೇ ಹೇಳಿ ಒಪ್ಪಿಸುವುದು ಕಾಗದಕ್ಕಿಂತ ಮುಖ್ಯ.

ಗೃಹಜ್ಯೋತಿ ಮನೆ ಬಳಕೆಗೆ ಮಾತ್ರ. ಪ್ರತಿ ಮನೆಗೂ 2022-23ರ ಸರಾಸರಿ ಬಳಕೆಯ ಆಧಾರದ ಮೇಲೆ ಒಂದು ಮಿತಿ ಇದೆ. ಅದನ್ನು ಮೀರಿದರೆ ಹೆಚ್ಚಿನದಕ್ಕೆ ಹಣ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. 100 ವ್ಯಾಟಿನ ಹೊಲಿಗೆ ಮೋಟಾರು ದಿನಕ್ಕೆ 5 ತಾಸು, 25 ದಿನ ಓಡಿದರೆ ಸುಮಾರು 12 ಯೂನಿಟ್. 1,000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ ದಿನಕ್ಕೆ ಒಂದೇ ತಾಸು ಉರಿದರೂ 25 ಯೂನಿಟ್. ಬಿಲ್ಲು ಏರುವುದು ಮೋಟಾರಿನಿಂದಲ್ಲ, ಇಸ್ತ್ರಿಯಿಂದ. ರಸ್ತೆ ಕಡೆಯ ಕೋಣೆಯನ್ನು ಅಂಗಡಿ ಮಾಡಿದರೆ ಅದಕ್ಕೆ ಬೇರೆ ಮೀಟರ್ ಬೇಕೇ ಎಂದು ಜೆಸ್ಕಾಂ ಶಾಖಾ ಕಚೇರಿಯಲ್ಲಿ ಮೊದಲೇ ಕೇಳಿ.

ಮನೆಯ 14.2 ಕೆ.ಜಿ. ಸಿಲಿಂಡರನ್ನು ವ್ಯಾಪಾರದ ಅಡುಗೆಗೆ ಬಳಸುವುದು ಕಾನೂನಿಗೆ ವಿರುದ್ಧ. ಅದಕ್ಕೆ 19 ಕೆ.ಜಿ. ವಾಣಿಜ್ಯ ಸಿಲಿಂಡರ್ ಇದೆ. ದುಬಾರಿ ನಿಜ, ಆದ್ದರಿಂದ ಬೆಲೆ ಕಟ್ಟುವಾಗಲೇ ಅದನ್ನು ಲೆಕ್ಕಕ್ಕೆ ಹಿಡಿಯಿರಿ.

8. ಮಕ್ಕಳ ಕೈ ಎಷ್ಟು ಸೇರಬಹುದು?

1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯಂತೆ, 14 ವರ್ಷದೊಳಗಿನ ಮಗು ಸ್ವಂತ ಕುಟುಂಬದ, ಅಪಾಯವಿಲ್ಲದ ಕೆಲಸದಲ್ಲಿ ಶಾಲೆಯ ನಂತರ ಅಥವಾ ರಜೆಯಲ್ಲಿ ಮಾತ್ರ ಸಹಾಯ ಮಾಡಬಹುದು. ಗುಂಡಿ ಹಚ್ಚುವುದು, ಲೆಕ್ಕ ಬರೆಯುವುದು ಸರಿ. ಆರ್ಡರ್ ಹೆಚ್ಚಾಯಿತು ಎಂದು ಶಾಲೆ ಬಿಡಿಸುವುದು ಸರಿಯಲ್ಲ. ಹಬ್ಬದ ಮುಂಚಿನ ವಾರಗಳಲ್ಲಿ ಹೆಣ್ಣುಮಕ್ಕಳ ಹಾಜರಾತಿ ಕಡಿಮೆಯಾದರೆ ನಾವು ಮನೆಗೆ ಬಂದು ಕೇಳುತ್ತೇವೆ. ವಿದ್ಯಾರ್ಥಿವೇತನ ಕೊಡುವುದು ಆ ಮಗು ತರಗತಿಯಲ್ಲಿ ಕೂರಲಿ ಎಂದೇ.

9. ಕಾರ್ಡು, ಗೃಹಲಕ್ಷ್ಮಿ, ವಿದ್ಯಾರ್ಥಿವೇತನ

ಈಗ ಮೊದಲಿನ ಹೆದರಿಕೆಗೆ ಬರೋಣ.

ಗೃಹಲಕ್ಷ್ಮಿ: ಯಜಮಾನಿ ಅಥವಾ ಆಕೆಯ ಪತಿ ಆದಾಯ ತೆರಿಗೆ ಪಾವತಿದಾರರಾಗಿದ್ದರೆ ಇಲ್ಲವೇ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾಗಿದ್ದರೆ ಸಿಗುವುದಿಲ್ಲ. ಉದ್ಯಮ್ ಪತ್ರವಾಗಲಿ, ಆಹಾರ ನೋಂದಣಿಯಾಗಲಿ ಈ ಎರಡರಲ್ಲಿ ಒಂದೂ ಅಲ್ಲ. ಬೇಡದ ಜಿಎಸ್‌ಟಿ ಮಾಡಿಸಬೇಡಿ ಎಂದು ಮೇಲೆ ಹೇಳಿದ್ದು ಇದಕ್ಕೂ ಸೇರಿಸಿಯೇ.

ಬಿಪಿಎಲ್ ಕಾರ್ಡ್: ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷದ ಮಿತಿ ಇದೆ. ಹೊಲಿಗೆಯ 84,000 ಮಾತ್ರ ಇರುವ ವಿಧವೆಯ ಮನೆ ಮಿತಿಯೊಳಗಿದೆ. ರೊಟ್ಟಿಯ 1,44,000 ಇರುವ ಮನೆ ದಾಟಿದೆ. ಕಾಗದ ಮಾಡಿಸಿದ್ದರಿಂದ ದಾಟಿದ್ದಲ್ಲ, ದುಡಿಮೆಯಿಂದ ದಾಟಿದ್ದು. ಕಾಗದ ಮುಚ್ಚಿಟ್ಟರೆ ಆ ಲೆಕ್ಕ ಬದಲಾಗುವುದಿಲ್ಲ. ಈ ಸತ್ಯವನ್ನು ನಾವು ಸಿಹಿ ಮಾಡಿ ಹೇಳಲಾರೆವು.

ಆದಾಯ ಪ್ರಮಾಣಪತ್ರ: ನಾಡಕಚೇರಿಯಲ್ಲಿ ಪಡೆಯುವ ಈ ಪತ್ರ ಐದು ವರ್ಷ ಚಾಲ್ತಿಯಲ್ಲಿರುತ್ತದೆ. ಅದರಲ್ಲಿ ಖರ್ಚು ಕಳೆದ ಆದಾಯವನ್ನು ಹೇಳಬೇಕು, ವಹಿವಾಟನ್ನಲ್ಲ. ಲೆಕ್ಕದ ಪುಸ್ತಕವಿಲ್ಲದವರು ವಹಿವಾಟನ್ನೇ ಆದಾಯವೆಂದು ಹೇಳಿ ಅನ್ಯಾಯವಾಗಿ ಅನರ್ಹರಾಗುವುದುಂಟು. ರೊಟ್ಟಿಯ ತಾಯಿ 3,60,000 ಎಂದು ಬರೆಸಿದರೆ ಆಗುವುದು ಇದೇ.

ನಮ್ಮ ವಿದ್ಯಾರ್ಥಿವೇತನ: ಮನೆ ದುಡಿಮೆ ತೋರಿಸಿದ ಒಂದೇ ಕಾರಣಕ್ಕೆ ಯಾವ ಅರ್ಜಿಯನ್ನೂ ನಾವು ತಿರಸ್ಕರಿಸುವುದಿಲ್ಲ. ಖರ್ಚು ಕಳೆದು ಉಳಿಯುವುದೆಷ್ಟು, ಓದುವ ಮಕ್ಕಳೆಷ್ಟು, ಮನೆಯಲ್ಲಿ ಕಾಯಿಲೆ, ಸಾಲ ಎಷ್ಟಿದೆ ಎಂಬುದನ್ನು ಕೂಡಿಸಿ ನೋಡುತ್ತೇವೆ. ಮುಂದಿನ ಸಾಲಿನ ಅರ್ಜಿಯೊಂದಿಗೆ ಹಿಂದಿನ ಮೂರು ತಿಂಗಳ ಲೆಕ್ಕದ ಪುಟಗಳ ನಕಲು ಲಗತ್ತಿಸಬಹುದು. ಕೈಬರಹವಾದರೂ ಸಾಕು, ಉರ್ದುವಿನಲ್ಲಿ ಬರೆದಿದ್ದರೂ ಸರಿ. ಅಕ್ಷರ ಬಾರದ ತಾಯಂದಿರ ಲೆಕ್ಕವನ್ನು ನಮ್ಮ ವೇತನ ಪಡೆಯುವ ಮಗ ಅಥವಾ ಮಗಳು ಬರೆದುಕೊಡಲಿ. ಅವರು ಕಲಿತ ಗಣಿತ ಮೊದಲು ಮನೆಗೆ ಉಪಯೋಗವಾಗಲಿ.

10. ದಾನಿಗಳಲ್ಲಿ ಒಂದು ಕೋರಿಕೆ

ಹೊಲಿಗೆ ಯಂತ್ರ ಕೊಡಿಸುವ ದಾನಿಗಳು ನಮ್ಮಲ್ಲಿ ಅನೇಕರಿದ್ದಾರೆ. ಅಲ್ಲಾಹನು ಅವರ ದಾನವನ್ನು ಸ್ವೀಕರಿಸಲಿ. ಯಂತ್ರದ ಜೊತೆಗೆ ಇನ್ನು ಮೂರು ಸಂಗತಿಗೂ ನಿಮ್ಮ ಸಹಾಯ ಬೇಕು. ಒಂದು, ಆಕೆಯ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಸಿ ಉದ್ಯಮ್ ಪತ್ರ ಮಾಡಿಸಿಕೊಡುವ ಒಬ್ಬ ಓದಿದ ಸ್ವಯಂಸೇವಕ. ಎರಡು, ತಿಂಡಿ-ತಿನಿಸು ಮಾಡುವವರ ಆಹಾರ ನೋಂದಣಿಗೆ ಐದು ವರ್ಷದ ಶುಲ್ಕ 500 ರೂಪಾಯಿ. ಮೂರು, ಮೊದಲ ಮೂರು ತಿಂಗಳ ದಾರ-ಬಟ್ಟೆಗೆ ಬಡ್ಡಿಯಿಲ್ಲದ ಸಣ್ಣ ಕೈಗಡ. ಯಂತ್ರ ಮೂಲೆ ಸೇರುವುದು ಕಸುಬು ಬಾರದೆ ಅಲ್ಲ, ಈ ಮೂರು ಇಲ್ಲದೆ.

ಲೆಕ್ಕದ ಪುಸ್ತಕ ಬರೆಯುವುದನ್ನು ಕಲಿಯಬೇಕೆನ್ನುವವರು, ಯಾವ ಕಾಗದ ಬೇಕೆಂದು ತಿಳಿಯದವರು ಆಧಾರ್, ಪ್ಯಾನ್, ಪಾಸ್‌ಬುಕ್‌ನೊಂದಿಗೆ ಟ್ರಸ್ಟ್ ಕಚೇರಿಗೆ ಬನ್ನಿ. ಹೆಂಗಸರು ಮನೆಯವರೊಬ್ಬರನ್ನು ಜೊತೆಗೆ ಕರೆತರಬಹುದು, ಒಬ್ಬರೇ ಬಂದರೂ ಸರಿ. ಅರ್ಜಿ ತುಂಬಲು ನಾವು ಹಣ ಪಡೆಯುವುದಿಲ್ಲ. ನಿಮ್ಮ ಒಟಿಪಿಯನ್ನು ನಮಗೂ ಹೇಳಬೇಡಿ, ನಿಮ್ಮ ಕೈಯಿಂದಲೇ ಹಾಕಿ.

ಮುಂದಿನ ಸಾಲಿನ ಅರ್ಜಿಯಲ್ಲಿ ‘ತಾಯಿಯ ಉದ್ಯೋಗ’ ಕಲಮಿನಲ್ಲಿ ಇರುವುದನ್ನು ಇರುವಂತೆ ಬರೆಯಿರಿ: ಹೊಲಿಗೆ, ರೊಟ್ಟಿ, ಮೆಹೆಂದಿ, ಟ್ಯೂಷನ್, ಏನಾದರೂ ಸರಿ.